ಸಾಲಿನಲ್ಲಿ ಒಂದು ಆಳು ಕಮ್ಮಿ

ಇದು ನನ್ನ ಷಡ್ಡಕನಿಗೆ ಆದದ್ದು. ಅವನ ಹೆಂಡತಿ ನನ್ನವಳ ಒಡಹುಟ್ಟಿದ ತಂಗಿ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ರಾತ್ರಿ ಅವನು ಹೆಂಡತಿ ಮಲಗಿದ್ದ ಆಸ್ಪತ್ರೆಯಿಂದ ಮನೆಗೆ ನಡೆದು ಬರುತ್ತಿದ್ದ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಉಳಿಯುವ ಹಾಗಿಲ್ಲ. ನರ್ಸಮ್ಮ ಹೇಳಿ ಹೇಳಿ ಸಾಕಾಗಿ ಬಾಗಿಲು ತೋರಿಸಿದ್ದಳು. ಹೊರಡುವಾಗ ಹೆಂಡತಿ ಕೇಳಿದಳಂತೆ, ಊಟ ಮಾಡ್ತೀರಾ ತಾನೇ ಅಂತ. ಹೂಂ ಅಂದ. ಬಾಗಿಲು ಭದ್ರ ಮಾಡಿಕೊಳ್ಳಿ ಅಂದಳು. ಅದಕ್ಕೂ ಹೂಂ. "ನಾನು ಸತ್ತೆ ಅಂದ್ರೂ ಹೂಂ ಅಂತೀರ ನೀವು" ಅಂತ ನಕ್ಕಳು. ನಕ್ಕಿದ್ದಕ್ಕೇ ಏದುಸಿರು ಬಂತು.

ಹೂಂ ಅನ್ನುವುದು ಅವನ ಕಸುಬಿನ ಚಾಳಿ. ಇಟ್ಟಿಗೆ ಗೂಡಿನಲ್ಲಿ ಕೆಲಸ. ಅಲ್ಲಿ ಸಾಲಾಗಿ ನಿಂತು ಕೈಯಿಂದ ಕೈಗೆ ಇಟ್ಟಿಗೆ ದಾಟಿಸುತ್ತಾರೆ. ಈಸಿಕೊಂಡವನು ಹೂಂ ಅನ್ನಬೇಕು. ಆಮೇಲೇ ಕೊಟ್ಟವನು ಕೈ ಬಿಡಬೇಕು. ಮೊದಲೇ ಬಿಟ್ಟರೆ ಇಟ್ಟಿಗೆ ಪಕ್ಕದವನ ಕಾಲ ಮೇಲೆ.

ಅದಕ್ಕೇ ಹೆಂಡತಿಯ ಗುಂಡಿಗೆ ಬಗ್ಗೆ ಡಾಕ್ಟರ್ ಹೇಳಿದ್ದು ಅವನಿಗೆ ಅರ್ಥವಾಗಿತ್ತು. ಗುಂಡಿಗೆಯ ಮಾಂಸವೆಲ್ಲ ಸಣ್ಣ ಸಣ್ಣ ಜೀವಕಣ. ಮುದುಡು ಅನ್ನುವ ಸುದ್ದಿಯನ್ನು ಒಂದು ಕಣ ಪಕ್ಕದ್ದಕ್ಕೆ ದಾಟಿಸುತ್ತದೆ. ದಾಟಿಸಲು ನಡುವೆ ಕಿಂಡಿಗಳಿವೆ. ಚೆನ್ನಾಗಿರುವ ಗುಂಡಿಗೆಯಲ್ಲಿ ಸುದ್ದಿ ಕಣ್ಣು ಮಿಟುಕಿಸುವುದರೊಳಗೆ ಕೊನೆ ಮುಟ್ಟುತ್ತದೆ. ಇವಳದ್ದರಲ್ಲಿ ಅಲ್ಲಲ್ಲಿ ಕಣಗಳು ಸತ್ತು ಕಲೆಗಟ್ಟಿವೆ. ಉಳಿದವಕ್ಕೆ ಕಿಂಡಿಯೂ ಕಮ್ಮಿ. ಸುದ್ದಿ ಅಲ್ಲಿಗೆ ಬಂದು ನಿಲ್ಲುತ್ತದೆ. ಇಲ್ಲವಾದರೆ ದಾರಿ ತಪ್ಪಿ ಅಲ್ಲೇ ಗಿರಗಿರ ಸುತ್ತುತ್ತದೆ.

"ಸಾಲಲ್ಲಿ ಆಳು ಕಮ್ಮಿ ಅನ್ನಿ" ಅಂದನಂತೆ ಇವನು.

ಡಾಕ್ಟರ್ ತಲೆಯಾಡಿಸಿದರು. "ಬದಲಿ ಆಳು ನಿಲ್ಲಿಸೋಕಾಗಲ್ಲ, ಅಷ್ಟೇ."

ಆ ರಾತ್ರಿ ಗೂಡಿನ ಪಕ್ಕದ ಹಳೇ ಬಾವಿ ದಾಟುವಾಗ ಸದ್ದು ಕೇಳಿಸಿತು. ಟಪ್... ಹೂಂ. ಟಪ್... ಹೂಂ. ಗೂಡು ಆರಿಸಿ ಎಷ್ಟೋ ದಿನವಾಗಿತ್ತು. ಈ ಹೊತ್ತಿನಲ್ಲಿ ಅಲ್ಲಿ ಯಾರಿಗೆ ಏನು ಕೆಲಸ? ಟಪ್... ಹೂಂ. ಟಪ್... ಆಮೇಲೆ ಏನೂ ಇಲ್ಲ. ಮತ್ತೆ ಮೊದಲಿಂದ. ಮತ್ತೆ ಅದೇ ಜಾಗಕ್ಕೆ ಬಂದು ನಿಂತಿತು. ಒಮ್ಮೆ ಟಪಟಪಟಪ ಅಂತ ಹುಚ್ಚು ಹಿಡಿದ ಹಾಗೆ ಸುತ್ತಿತು.

ಡಾಕ್ಟರ್ ಹೇಳಿದ್ದೂ ಹೀಗೇ ಅಲ್ಲವೇ ಅನ್ನಿಸಿತು. ಓಡಿದ. ಮನೆ ಕಡೆಗಲ್ಲ... ಸದ್ದಿನ ಕಡೆಗೆ.

ಕತ್ತಲಲ್ಲಿ ಸಾಲು ನಿಂತಿತ್ತು. ಮುಖ ಕಾಣದು. ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ. ಹೋಗಿ ನಿಂತ. ಎಡಗಡೆಯಿಂದ ಇಟ್ಟಿಗೆ ಬಂತು. ಬೆಚ್ಚಗಿತ್ತು. ಹೂಂ ಅಂದ. ಬಲಗಡೆಗೆ ಕೊಟ್ಟ. ಅಲ್ಲಿಂದಲೂ ಹೂಂ ಬಂತು... ತೆಳ್ಳಗೆ.

ಸದ್ದು ಕೊನೆಯವರೆಗೂ ಹೋಯಿತು. ಟಪ್... ಟಪ್... ಟಪ್. ಒಂದೇ ಸಮ.

"ಯಾರಪ್ಪಾ ನೀವೆಲ್ಲ?"

ಎಡಗಡೆಯವನು ಪಿಸುಗುಟ್ಟಿದ. "ಮಾತಾಡಬೇಡ. ಕೊಡ್ತಾ ಇರು."

"ಎಲ್ಲೀವರೆಗೆ?"

"ಕೊಡ್ತಾ ಇರು."

ಸೊಂಟ ಹಿಡಿಯಿತು. ರಟ್ಟೆ ಬಿದ್ದುಹೋಯಿತು. ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಏನಾಗುತ್ತದೆ ಅಂತ ಯಾರೂ ಅವನಿಗೆ ಹೇಳಬೇಕಿರಲಿಲ್ಲ. ಬೆಳಗಿನ ಜಾವಕ್ಕೆ ಬಲಗಡೆಯ ಹೂಂ ಸಣ್ಣಗಾಗುತ್ತಾ ಬಂತು. ಇಟ್ಟಿಗೆ ಕೊಡುವಾಗ ಆ ಕೈ ತಾಗಿತು. ಮೇಲೆ ಡ್ರಿಪ್ ಸೂಜಿಗೆ ಹಾಕಿದ ಪಟ್ಟಿ. ಅಂಚು ಎದ್ದಿತ್ತು. ಸಂಜೆ ಅವನೇ ಒತ್ತಿ ಅಂಟಿಸಿದ್ದ ಪಟ್ಟಿ.

"ನೀನಾ..." ಅಂದ.

ಈ ಸಲ ಹೂಂ ಕೂಡ ಇಲ್ಲ.

"ಅವಳು ಹಿಡಿದಿದ್ದಾಳೆ" ಅಂದ ಎಡಗಡೆಯವನು. "ನೀನು ಕೈ ಬಿಡು."

ಬಿಡಲಾಗಲಿಲ್ಲ. ಹೂಂ ಬಂದಿರಲಿಲ್ಲ. ಬರಿಗಾಲಲ್ಲಿ ನಿಂತಿದ್ದಾಳೆ, ಬಿದ್ದರೆ ಕಾಲು ಜಜ್ಜಿಹೋಗುತ್ತದೆ... ಅಷ್ಟೇ ಅವನಿಗೆ ಹೊಳೆದದ್ದು. "ಒಂದ್ಸಲ ಹೂಂ ಅನ್ನೇ" ಅಂದ. "ಒಂದೇ ಸಲ." ಇಟ್ಟಿಗೆ ಬಿಗಿಹಿಡಿದು ಕಾದ. ಆ ಕಡೆಯ ಬೆರಳುಗಳು ಒಂದೊಂದಾಗಿ ಜಾರಿದವು. ಸಾಲಿನ ಸದ್ದು ನಿಂತಿತು. ಇಟ್ಟಿಗೆ ಅವನ ಕೈಯಲ್ಲೇ ತಣ್ಣಗಾಯಿತು.

ಆಸ್ಪತ್ರೆಗೆ ಓಡಿದ. ನರ್ಸಮ್ಮ ಬಾಗಿಲಲ್ಲೇ ಸಿಕ್ಕಳು. ರಾತ್ರಿಯೆಲ್ಲ ಗುಂಡಿಗೆ ಒಂದೇ ಸಮ ಬಡಿಯಿತು, ಇಷ್ಟು ಚೆನ್ನಾಗಿ ಯಾವತ್ತೂ ಬಡಿದಿರಲಿಲ್ಲ ಅಂದಳು. ಈಗ ಸ್ವಲ್ಪ ಮುಂಚೆ... ಅಂದಳು. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಅವನ ಹೆಂಡತಿ, ನನ್ನ ನಾದಿನಿ, ಬಟ್ಟೆ ಹೊಲಿಯುವವಳು. ಇಟ್ಟಿಗೆ ಮುಟ್ಟಿದವಳಲ್ಲ. ಹಾಸಿಗೆ ಬಿಟ್ಟು ಎದ್ದೇ ತಿಂಗಳಾಗಿತ್ತು. ಸತ್ತ ಮೇಲೆ ಅವಳ ಮೈ ತೊಳೆದದ್ದು ನನ್ನ ಹೆಂಡತಿ. ತಂಗಿಯ ಎರಡೂ ಅಂಗೈಯಲ್ಲಿ ಹಸಿ ಬೊಬ್ಬೆ ಎದ್ದಿತ್ತು ಅಂತ ನನಗೆ ಹೇಳಿದಳು. ನನ್ನವಳು ಸುಳ್ಳು ಹೇಳುವವಳಲ್ಲ. ಕೇಳಿ ನೋಡಿ ಅನ್ನೋಣ ಅಂದರೆ ಈಗ ಅವಳೂ ಇಲ್ಲ. ಆದರೆ ಬೊಬ್ಬೆ ಇದ್ದದ್ದು ನಿಜ.