ಮದುವೆ ಕುದುರೆಯ ಮೇಲೆ ಪುಂಡರೀಕಾಕ್ಷ

ಇಳಿಯುದಿಲ್ಲ ಅಂದೆನಲ್ಲ ಮಾರಾಯಾ! ಕ್ಲಾಸು ಮುಗಿದ್ರೆ ಮುಗೀಲಿ. ನನ್ನ ನಂತರ ಯಾರೂ ಇಲ್ಲ ಇವತ್ತು, ಈ ಚಾಂದನಿ ಕುದುರೆಗೂ ಅವಸರ ಇಲ್ಲ... ನೋಡು, ನಿಂತಲ್ಲೇ ತೂಕಡಿಸ್ತಾಳೆ. ನೀನು ಹಗ್ಗ ಹಿಡ್ಕೊಂಡು ಅಲ್ಲೇ ನಿಲ್ಲು. ಒಂದು ಮಾತು ಹೇಳ್ಲಿಕ್ಕುಂಟು. ಅದನ್ನು ಕುದುರೆ ಮೇಲೆ ಕೂತೇ ಹೇಳ್ಬೇಕು, ಕೆಳಗೆ ಇಳಿದ್ರೆ ಧೈರ್ಯ ಬರುದಿಲ್ಲ ನನಗೆ. ಎಂತ ಹಾಗೆ ನೋಡುದು?

ಇವತ್ತು ನೀನು ಸರಿ ಇಲ್ಲ ಮನೀಶಾ. ಬೆಳಗಿನಿಂದ ಒಂದಕ್ಷರ ಇಲ್ಲ! ಬೇರೆ ಭಾನುವಾರ ಆಗಿದ್ರೆ ಇಷ್ಟೊತ್ತಿಗೆ ಎಷ್ಟು ಬೈಸಿಕೊಳ್ತಿದ್ದೆ... 'ಕಾಕಾ, ನೀಚೆ ಮತ್ ದೇಖೋ!' 'ಕಾಕಾ, ವೋ ಲಗಾಮ್ ಹೈ, ಬಸ್ ಕಾ ಡಂಡಾ ನಹೀ!' ಇವತ್ತು ನಾನು ಬೇಕಂತಲೇ ಇಡೀ ಸುತ್ತು ಕೆಳಗೇ ನೋಡಿದೆ. ನೀನು ಸುಮ್ಮನೆ. ಬೈಯಿ ಮಾರಾಯಾ! ಮತ್ತೆ ಎಂತಕ್ಕೆ ನಾನು ಘಣಸೋಲಿಯಲ್ಲಿ ಮೊದಲ ಗಾಡಿ ಹಿಡಿದು, ಠಾಣೆಯಲ್ಲಿ ರೈಲು ಬದಲಿಸಿ, ಕಲ್ಯಾಣದಲ್ಲಿ ಇಳಿದು, ರಿಕ್ಷಾದವನಿಗೆ 'ಘೋಡೆವಾಲಾ ಸ್ಕೂಲ್' ಅಂತ ಹೇಳಿ, ಈ ಹೊಟ್ಟೆ ನೋಡಿ ಅವ ನಗುದನ್ನು ಸಹಿಸಿಕೊಂಡು ಬರುದು?

ಕನ್ನಡ ಅರ್ಥ ಆಗುದಿಲ್ಲ ಅಂತ ನಟನೆ ಬೇಡ. ನಿನ್ನ ಅಮ್ಮ ಮನೆಯಲ್ಲಿ ತುಳು ಮಾತಾಡ್ತಾರೆ, ಅಪ್ಪ ಕನ್ನಡ, ನೀನು ಇಬ್ಬರಿಗೂ ಹಿಂದಿಯಲ್ಲಿ ಉತ್ತರ ಕೊಡ್ತಿ. ಎಲ್ಲ ಗೊತ್ತುಂಟು ನನಗೆ. ಹೇಗೆ ಗೊತ್ತು ಅಂತ ಕೇಳು... ಕೇಳುದಿಲ್ವಾ? ಕೇಳದಿದ್ರೂ ಹೇಳ್ತೇನೆ.

ನನ್ನ ಹೆಸರು ಪುಂಡರೀಕಾಕ್ಷ ಅಲ್ಲ!

ನೀನು 'ಪುಂಡಿ ಕಾಕಾ' ಅಂತ ಕರೆಯುವಾಗ ನಾನು ಅರ್ಧ ಸಲ ತಿರುಗದೇ ಇದ್ದದ್ದು ಕಿವಿ ಮಂದ ಆಗಿ ಅಲ್ಲ. ಅದು ನಮ್ಮ ಹೋಟೆಲಿನ ಅಡುಗೆ ಭಟ್ರ ಹೆಸರು. ಸೇರುವ ದಿವಸ ಬಾಯಿಗೆ ಬಂತು, ಹೇಳಿಬಿಟ್ಟೆ. ನಾನು ವಿಷ್ಣುಮೂರ್ತಿ. ಘಣಸೋಲಿಯ ಹೋಟೆಲ್ ವಿಷ್ಣುಮೂರ್ತಿ... ಸಂಜನಾಳ ಅಪ್ಪ!

...ಎಂತ, ಬೆಚ್ಚುದೇ ಇಲ್ವಾ?

ಅಲ್ಲ ಮಾರಾಯಾ, ನೀನು ಬೆಚ್ಚಿ ಬೀಳ್ತಿ, ಹಗ್ಗ ಕೈಬಿಡ್ತಿ, ಕಾಲಿಗೆ ಬೀಳ್ಲಿಕ್ಕೆ ಓಡಿ ಬರ್ತಿ, ನಾನು 'ಇರ್ಲಿ, ಇರ್ಲಿ' ಅಂತೇನೆ... ಎಲ್ಲ ರೈಲಿನಲ್ಲಿ ಕೂತು ಯೋಚನೆ ಮಾಡಿ ಇಟ್ಟಿದ್ದೆ! ನೀನು ನೋಡಿದ್ರೆ ಚಾಂದನಿಯ ಭುಜದ ಮೇಲೆ ಕೈ ಇಟ್ಕೊಂಡು ನಿಂತಿದ್ದಿ. ಓ... ಯಾಕೆ ನಗುದು? ನಕ್ಕೆ, ಮೀಸೆ ಕೆಳಗೆ ನಕ್ಕೆ, ನಾನು ನೋಡಿದೆ. ಗೊತ್ತಿತ್ತು ನಿನಗೆ! ಯಾವಾಗಿನಿಂದ? ಮೊದಲ ದಿವಸದಿಂದಲಾ?... ಥತ್!

ಸಂಜನಾ ಹೇಳಿರ್ಲಿಕ್ಕಿಲ್ಲ. 'ನಾನು ನೋಡಿ ಬರುವವರೆಗೆ ಅವನಿಗೆ ಸುದ್ದಿ ಹೋಗ್ಬಾರ್ದು' ಅಂತ ದೇವರ ಎದುರು ಮಾತು ತಗೊಂಡಿದ್ದೆ. ಮಾತು ಕೊಟ್ರೆ ತಪ್ಪುವವಳಲ್ಲ ಅವಳು. ಹಾಗಾದ್ರೆ ಹೇಗೆ... ಜೀನು ಒರೆಸಿದ್ದಕ್ಕಾ? ಅದೇ ಇರ್ಬೇಕು. ಮೊದಲ ದಿವಸ ಕುದುರೆಯಿಂದ ಇಳಿದವನೇ ಹೆಗಲಿನ ಬಟ್ಟೆ ತೆಗೆದು, ಜೀನು ಒರೆಸಿ, ಮುಂದಿನ ಗಿರಾಕಿಗೆ 'ಬನ್ನಿ, ಕೂತ್ಕೊಳ್ಳಿ' ಅಂದಿದ್ದೆನಲ್ಲ! ಆ ಹುಡುಗಿ ಪಾಪ ಕಕ್ಕಾಬಿಕ್ಕಿ. ಎಂತ ಮಾಡುದು, ಕೈಗೆ ಅಭ್ಯಾಸ.

ಮೋಸ ಅಂತ ತಿಳ್ಕೊಬೇಡ. ಇದು ನಮ್ಮ ಹೋಟೆಲಿನವರ ಕ್ರಮ. ಹೊಸ ಭಟ್ರನ್ನು ಇಟ್ಕೊಳ್ಳುವ ಮೊದಲು ಅವರು ಈಗ ಇರುವಲ್ಲಿಗೆ ಗಿರಾಕಿಯ ಹಾಗೆ ಹೋಗಿ ಕೂರುದು. ಇಡ್ಲಿ ಹೇಳುದು. ರುಚಿ ನೋಡ್ಲಿಕ್ಕಲ್ಲ. ಸಾಂಬಾರು ಇನ್ನೊಮ್ಮೆ ಕೇಳುದು. ಮತ್ತೊಮ್ಮೆ ಕೇಳುದು. ಆಗ ಒಳಗೆ ಸೌಟು ಕುಕ್ಕಿದ ಶಬ್ದ ಬಂತಾ, ಕೈ ತೊಳ್ಕೊಂಡು ಎದ್ದು ಬರುದು. ಬರಲಿಲ್ವಾ, ಮನುಷ್ಯ ಒಳ್ಳೆಯವ, ಇಟ್ಕೊಳ್ಬಹುದು. ನಮ್ಮ ಪುಂಡರೀಕಾಕ್ಷ ಭಟ್ರು ಹಾಗೇ ಬಂದವರು. ಇವತ್ತಿನವರೆಗೆ ಸೌಟು ಕುಕ್ಕಲಿಲ್ಲ.

ಸಂಜನಾ ಬಂದು ನಿನ್ನನ್ನೇ ಮದುವೆ ಆಗುದು ಅಂತ ಹೇಳಿ, 'ಪಪ್ಪಾ, ಮನೀಶ್ ಘೋಡೆ ಸಿಖಾತಾ ಹೈ' ಅಂದಾಗ ಅವಳ ಅಮ್ಮ ಗಂಗಾ ಕುಕ್ಕರ್ ಆರಿಸಿ ಕೂತುಬಿಟ್ಟಳು. ಕುದುರೆ ಮೇಸ್ಟ್ರಾ! ಅದೂ ಒಂದು ಉದ್ಯೋಗವಾ? ನಾನು ಹೇಳಿದೆ, ಗಲಾಟೆ ಬೇಡ, ಗಿರಾಕಿಯಾಗಿ ಹೋಗಿ ನೋಡ್ತೇನೆ. ಬಂದೆ. ನಿನಗೆ ನೆನಪುಂಟಾ, ಪ್ರತಿ ಭಾನುವಾರ ನಾನು ಕೇಳುದು, 'ರಿಕಾಬಿಗೆ ಮೊದಲು ಎಡಗಾಲಾ ಬಲಗಾಲಾ?' ಅಂತ? ಗೊತ್ತಿಲ್ಲದೇ ಕೇಳಿದ್ದಲ್ಲ. ಅದು ಸಾಂಬಾರು! ನೀನು ಪ್ರತಿ ಸಲ 'ಎಡಗಾಲು, ಕಾಕಾ' ಅಂದೆ, ಮೊದಲ ಸಲ ಹೇಳಿದ ಹಾಗೆಯೇ ಅಂದೆ.

ಹ್ಞಾಂ? ಹೌದಪ್ಪಾ, ಒಂದೆರಡು ಸಲ ನಿಜವಾಗಿಯೂ ಮರೆತಿತ್ತು.

ನಿನಗೆ ಮಾರ್ಕು ಬಿದ್ದು ಯಾವ ಕಾಲ ಆಯ್ತು! ಚಾಂದನಿ ನನ್ನ ಕಾಲು ತುಳಿದ ದಿವಸ. ನಾನು ಅಯ್ಯಯ್ಯೋ ಅಂತ ಕುಣೀತಿದ್ದೇನೆ, ನೀನು ಬಗ್ಗಿ ಮೊದಲು ಅವಳ ಗೊರಸು ನೋಡಿದೆ, ಆಮೇಲೆ ನನ್ನ ಪಾದ! ಸಿಟ್ಟು ಬಂತು. ವಾಪಸು ರೈಲು ಠಾಣೆ ಮುಟ್ಟುವಾಗ ಇಳಿಯಿತು. ಮಾತು ಬಾರದ್ದನ್ನು ಮೊದಲು ವಿಚಾರಿಸಿದ್ದಾನೆ, ನನ್ನ ಮಗಳನ್ನು ಚೆನ್ನಾಗಿ ನೋಡ್ಕೊಳ್ತಾನೆ ಅನ್ನಿಸಿತು. ಅವಳಿಗೆ ಮಾತು ಬರ್ತದೆ, ಧಾರಾಳ ಬರ್ತದೆ, ಅದು ಬೇರೆ ವಿಷಯ.

ಮತ್ತೆ ಯಾಕೆ ಮನೆಯಲ್ಲಿ ಹೂಂ ಅಂತ ಹೇಳಲಿಲ್ಲ ಅಂತ ಕೇಳ್ತೀಯಾ? ಕೇಳು, ಕೇಳ್ಬೇಕಾದ್ದೇ... ಕೇಳುದಿಲ್ವಾ?

ನೋಡು ಮನೀಶಾ, ನಾನು ಹೂಂ ಅಂದ ಗಳಿಗೆಯಿಂದ ನಿನಗೆ ಮಾವ. ಮಾವನನ್ನು ಯಾವ ಅಳಿಯ ಕುದುರೆ ಹತ್ತಿಸ್ತಾನೆ? ಕುರ್ಚಿ ಹಾಕಿ ಕೂರಿಸ್ತಾನೆ. ಕಾಫಿ ತರಿಸ್ತಾನೆ. ನಾನು ಲದ್ದಿ ಗೋರಲಿಕ್ಕೆ ಸಲಿಕೆ ಮುಟ್ಟಿದ್ರೆ ನಿನ್ನ ಅಮ್ಮ ಓಡಿ ಬಂದು ಕಸ್ಕೊಳ್ತಾರೆ, 'ಬೀಗರು, ಬೀಗರು' ಅಂತ! ಮತ್ತೆ ನನ್ನನ್ನು ಯಾರು ಬೈಯುದು? ಹೋಟೆಲಿನಲ್ಲಿ ನಾನು ಯಜಮಾನ. ಉಪ್ಪು ಹೆಚ್ಚಾಗಿದೆ ಅಂತ ನಾನು ಹೇಳ್ಬೇಕು, ನನಗೆ ಯಾರೂ ಹೇಳುದಿಲ್ಲ. ಇಲ್ಲಿ ನನ್ನ ಮಗನ ಪ್ರಾಯದವ 'ಕಾಕಾ, ಗಲತ್!' ಅಂತ ಕೂಗುವಾಗ... ನಗ್ಬೇಡ... ಶಾಲೆಗೆ ಹೋದ ಹಾಗೆ ಆಗ್ತದೆ ನನಗೆ. ಖುಷಿ ಆಗ್ತದೆ ಮಾರಾಯಾ.

ಮತ್ತೆ ಇವಳಿಗೆ ಪಾಠ! ಎಷ್ಟೋ ಮದುಮಗಂದಿರನ್ನು ಹೊತ್ತ ಕುದುರೆ, ಬ್ಯಾಂಡು ಕೇಳಿದ್ರೆ ಕುಣಿಯುದು ಬಿಟ್ಟು ಬೇರೆ ಗೊತ್ತಿಲ್ಲ. ನೀನು ಆ ಕುಣಿತ ಬಿಡಿಸ್ಲಿಕ್ಕೆ ಹೊರಟೆ. ನನ್ನ ಫೋನಿನಲ್ಲಿ ಬ್ಯಾಂಡು ಸಣ್ಣಕ್ಕೆ ಹಾಕುದು, ಇವಳ ನಾಲ್ಕು ಕಾಲೂ ನೆಲದ ಮೇಲೆ ಇದ್ರೆ ಕ್ಯಾರೆಟ್ ಕೊಡುದು. ಮುಂದಿನ ವಾರ ಸ್ವಲ್ಪ ದೊಡ್ಡಕ್ಕೆ. ನಮ್ಮ ಕಡೆಯ ಮದುವೆಯಲ್ಲಿ ಮದುಮಗ ಕುದುರೆ ಹತ್ತುದುಂಟಾ? ನಾನು ಬ್ಯಾಂಡು ಹಾಕುವ ಹುದ್ದೆಗೆ ಬಂದೆ! ಗಂಗಾ ನನ್ನ ಫೋನು ತೆಗೆದು ನೋಡಿ, 'ಇದೆಂಥದು ರೀ, ಬರೀ ದಿಬ್ಬಣದ ಬ್ಯಾಂಡು?' ಅಂತ ಕೇಳಿದ್ಳು. ಈ ಭಾನುವಾರಗಳನ್ನು ಬಿಡ್ಲಿಕ್ಕೆ ಮನಸ್ಸಾಗಲಿಲ್ಲ ನನಗೆ.

ಅದಕ್ಕೆ ಮನೆಯಲ್ಲಿ ಒಂದೊಂದು ಹುಳುಕು ಹೇಳುದು. 'ಹುಡುಗ ಅಡ್ಡಿಲ್ಲ, ಆದ್ರೆ ನಿಂತ್ಕೊಂಡೇ ಚಹಾ ಕುಡೀತಾನೆ.' 'ಅಡ್ಡಿಲ್ಲ, ಆದ್ರೆ ಚಪ್ಪಲಿ ಎಲ್ಲೆಲ್ಲೋ ಬಿಡ್ತಾನೆ.' ಗಂಗಾ 'ಹಾಗಾದ್ರೆ ಇನ್ನೊಂದು ವಾರ ನೋಡಿ ಬನ್ನಿ' ಅಂತಾಳೆ, ನನಗೆ ಬೇಕಾದ್ದೇ ಅದು. ಸಂಜನಾ ಮಾತ್ರ ತಟ್ಟೆ ನೋಡ್ಕೊಂಡು ಕೂರ್ತಾಳೆ.

ನಗು ಎಲ್ಲಿ ಹೋಯ್ತು? ಈಗ ನಗ್ತಿದ್ದವ... ಅವಳ ಹೆಸರು ಹೇಳಿದ ಕೂಡಲೇ ಮುಖ ಯಾಕೆ ಆಚೆ ಮಾಡಿದೆ?

ಕಳೆದ ಭಾನುವಾರದ್ದಾ? ಅದೊಂದು... ಬಿಡು. ಯಾರಿಗೆ ಗೊತ್ತಿತ್ತು, ಗೋಡೆ ಆಚೆ ನಿಜವಾದ ದಿಬ್ಬಣವೇ ಬರ್ತದೆ ಅಂತ! ಢೋಲು, ತಾಶೆ, ತುತ್ತೂರಿ... ಫೋನಿನ ಪಾಠ ಎಲ್ಲ ಮರೆತು ಚಾಂದನಿ ಹಿಂಗಾಲಿನಲ್ಲಿ ನಿಂತ್ಳು. ನಾನು ಮೇಲೆ, ಇವಳ ಕುತ್ತಿಗೆ ಕೂದಲು ಹಿಡ್ಕೊಂಡು ಸಕಲ ದೇವರನ್ನೂ ಕರೀತಿದ್ದೇನೆ. ಆ ಗಲಾಟೆಯಲ್ಲಿ ಛಡಿ ಎಲ್ಲೋ ತಾಗಿತು ಇವಳಿಗೆ... ತಾಗಿತು ಅಷ್ಟೇ. ನೀನು ಓಡಿ ಬಂದೆ. ಕೂಗಲಿಲ್ಲ, ಎಂತ ಇಲ್ಲ. ಕುತ್ತಿಗೆ ಮೇಲೆ ಕೈ ಇಟ್ಟು ದಿಬ್ಬಣ ಪೆಟ್ರೋಲ್ ಪಂಪು ದಾಟುವವರೆಗೆ ಸುಮ್ಮನೆ ನಿಂತೆ. ನನ್ನನ್ನು ಇಳಿಸಿದೆ. ನೀರು ಕೊಟ್ಟೆ.

ಮನೆಗೆ ಹೋದಾಗ ಗಂಗಾ ಕೇಳಿದ್ಳು, ಇವತ್ತು ಎಂತ ನೋಡಿದ್ರಿ? ಸಣ್ಣ ಹುಳುಕೆಲ್ಲ ಮುಗಿದಿತ್ತು. ಬಾಯಿಗೆ ಏನೋ ಬಂತು...

ಏನು ಅಂತ ಕೇಳುದಿಲ್ವಾ ನೀನು?

ಮನೀಶಾ. ಇತ್ತ ನೋಡು. ಸಂಜನಾ ನಿನ್ನತ್ರ ಕೇಳಿದ್ಳಾ? ನೀನು ಕುದುರೆಗೆ ಹೊಡೀತೀಯಾ ಅಂತ ಕೇಳಿದ್ಳಾ?... ಕೇಳಿದ್ಳು. ಮತ್ತೆ? ಬೇಡ ಅಂದ್ಳಾ? ಮುಗೀತು ಅಂದ್ಳಾ?... ಅಯ್ಯೋ ದೇವರೇ. ಅದಕ್ಕಾ ಇವತ್ತು ಬಾಯಿ ಇಲ್ಲದ್ದು? ಅದಕ್ಕಾ ಅವಳು ವಾರ ಇಡೀ ಕೋಣೆ ಬಾಗಿಲು ಹಾಕ್ಕೊಂಡದ್ದು? ಆಫೀಸಿನ ಕೆಲಸ ಅಂದಿದ್ಳು ನಮ್ಮ ಹತ್ರ...

ನೀನು ಏನು ಉತ್ತರ ಕೊಟ್ಟೆ?

ಏನೂ ಇಲ್ವಾ? ಯಾಕೆ? ಹೇಳ್ಬೇಕಿತ್ತಲ್ಲ ಮಾರಾಯಾ! 'ಹೊಡೆದದ್ದು ನಾನಲ್ಲ, ಬೇರೆ...' ಅಂತ ಹೇಳ್ಬೇಕಿತ್ತು! ನನ್ನ ಹೆಸರು ಬರ್ತದೆ ಅಂತ ಸುಮ್ಮನಾದೆಯಾ? ಅಪ್ಪ ಅವಳ ಕಣ್ಣಿನಲ್ಲಿ ಕೆಳಗೆ ಆಗ್ತಾನೆ ಅಂತ?

ಆ ಕೈ ತೆಗಿ ಅಲ್ಲಿಂದ. ಬೆಳಗಿನಿಂದ ಚಾಂದನಿಯ ಭುಜ ಮುಚ್ಕೊಂಡು ನಿಂತಿದ್ದಿ. ತೆಗಿ ಅಂದೆ...

ಛಡಿಯ ಗೆರೆ ಇಷ್ಟು ಉದ್ದವಾ?

ನಿಲ್ಲು. ಇಳೀತೇನೆ. ಇದು ಮೇಲೆ ಕೂತು ಹೇಳುವ ಮಾತಲ್ಲ. ಹಿಡೀಬೇಡ, ನಾನೇ ಇಳೀತೇನೆ... ಹ್ಞಾಂ. ಇಳಿದೆ.

ತಾಗಿದ್ದಲ್ಲ ಮನೀಶಾ. ನಾನು ಹೊಡೆದೆ. ನೀನು ಛಡಿ ಬೇಡ ಅಂದಿದ್ದಿ, ಫೋಟೋದಲ್ಲಿ ಚಂದ ಕಾಣ್ತದೆ ಅಂತ ಬೇಲಿಯಿಂದ ಎಳ್ಕೊಂಡಿದ್ದೆ. ಹೆದರಿಕೆ ಆಯ್ತು, ಹೊಡೆದೆ. ಒಂದು ಸಲ ಅಲ್ಲ. ಮನೆಗೆ ಹೋಗಿ ಅದನ್ನು ನಿನ್ನ ತಲೆಗೆ ಕಟ್ಟಿದೆ. ನಾಚಿಕೆ ಆಗ್ತದೆ ನನಗೆ... ನೀನು ಸೌಟು ಕುಕ್ಕಲಿಲ್ಲ ಅಂತ ನಾನು ಮಾರ್ಕು ಹಾಕುದಂತೆ!

ಎಲ್ಲಿ ಫೋನು... ಬೇಡ, ತಡೀಬೇಡ ನನ್ನನ್ನು. ಸುಮ್ಮನಿರು ಅಂತ ತಲೆ ಆಡಿಸುದು ಸಾಕು.

ಹಲೋ... ಸಂಜನಾ. ಅಪ್ಪ. ಕಲ್ಯಾಣದಲ್ಲೇ ಇದ್ದೇನೆ. ಬಿದ್ದಿಲ್ಲ, ಬಿದ್ದಿಲ್ಲ, ಗಾಬರಿ ಮಾಡ್ಬೇಡ. ಕೇಳು. ಕುದುರೆಗೆ ಹೊಡೆದದ್ದು ಮನೀಶ ಅಲ್ಲ. ಅವ ಕೈ ಎತ್ತಿದವನೇ ಅಲ್ಲ. ನಾನು. ...ಹೌದು ಮಗಾ, ನಾನೇ. ನಿಮ್ಮ ಹತ್ರ ಸುಳ್ಳು ಹೇಳಿದೆ. ...ಹಲೋ? ಕೇಳ್ತಾ ಉಂಟಾ?

...ಹ್ಞಾಂ, ಇಲ್ಲೇ ಇದ್ದಾನೆ. ಮಾತಾಡುದಿಲ್ಲ ಅವ, ನೀನೇ ಮಾತಾಡ್ಬೇಕು. ಕೊಡ್ತೇನೆ.

ತಗೋ ಮಾರಾಯಾ, ಹಿಡಿ. ಆಚೆ ಹೋಗಿ ಮಾತಾಡು. ಹಗ್ಗ ಇಲ್ಲಿ ಕೊಡು, ಇವಳ ಹತ್ರ ನಾನು ನಿಲ್ತೇನೆ.