ಮಡಿಲಲ್ಲಿದ್ದ ಕುಕ್ಕರ್

ಒಸಾಕಾದ ಸಿಟಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಿಂದ ನಮ್ಮ ಕೊರಿಯನ್ ಮಾತು ಕೇಳಿಸಿತು. ಹುಡುಗಿಯ ಮಡಿಲಲ್ಲಿ ಹಳೆಯ ಕರೆಂಟ್ ಕುಕ್ಕರ್. ಪಕ್ಕದಲ್ಲಿ ಅವಳ ಚಿಕ್ಕಮ್ಮ.

“ಬುಸಾನಿಂದ ಹಡಗಲ್ಲಿ ಇದನ್ನ ಹೊತ್ಕೊಂಡು ಬಂದ್ಯಾ? ಈ ಊರಲ್ಲಿ ಕುಕ್ಕರ್ ಸಿಗಲ್ವೇನೇ ಬೊರಾ?”

“ಹಾಸ್ಟೆಲ್ ಬಿಟ್ಟು ಮೊದಲ್ನೇ ಮನೆ, ಚಿಕ್ಕಮ್ಮ. ನಮ್ಮ ಪದ್ಧತೀಲಿ ಎಲ್ಲಕ್ಕಿಂತ ಮುಂಚೆ ಅನ್ನದ ಕುಕ್ಕರ್ ಒಳಗೆ ಹೋಗ್ಬೇಕಲ್ವಾ?”

“ಹೋಗ್ಬೇಕು, ನಿಜ. ಆದ್ರೆ ಇಲ್ಲಿನ ಕರೆಂಟಿಗೆ ಇದರಲ್ಲಿ ಅನ್ನ ಆಗಲ್ಲ, ಪೆದ್ದೀ.”

“ಗೊತ್ತು.”

“ಹೋಗ್ಲಿ, ಖಾಲಿ ಒಯ್ಯಬಾರದು. ಅಕ್ಕಿ ಹಾಕಿದ್ದೀಯಾ?”

“ಅಮ್ಮ ಹಾಕಿಟ್ಟಿದ್ದೇ ಇದೆ.”

ಚಿಕ್ಕಮ್ಮ ತಿರುಗಿ ನೋಡಿದಳು. “ಅಕ್ಕನಾ? ಯಾವಾಗ?”

“ಆಸ್ಪತ್ರೆಗೆ ಸೇರೋ ದಿನ ಬೆಳಿಗ್ಗೆ. ಮನೆ ಸಿಕ್ಕಿದ ತಕ್ಷಣ ನಾನೇ ಬಂದು ಒಳಗಿಡ್ತೀನಿ, ನೀನು ಮುಟ್ಬೇಡ ಅಂದಿದ್ಲು.”

“ಅವಳೇ ಹೋಗ್ಬಿಟ್ಲು. ಆ ಅಕ್ಕೀನ ಬೇರೆ ಪಾತ್ರೇಲಾದ್ರೂ ಬೇಯಿಸ್ಕೊಂಡು ಊಟ ಮಾಡು, ಮಗಳೇ.”

“ಬೇಯಿಸಿದ್ರೆ ಮುಗಿದೇ ಹೋಗುತ್ತಲ್ಲ.”

ಚಿಕ್ಕಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಅವರ ಸ್ಟಾಪ್ ಬಂತು. ಬೊರಾ ಕುಕ್ಕರನ್ನು ಎದೆಗವಚಿಕೊಂಡು ಎದ್ದಳು. ಬಾಗಿಲ ಬಳಿ ಯಾರೋ ಅವಸರದಿಂದ ಮುಂದೆ ಬಂದರು. ಚಿಕ್ಕಮ್ಮ ಕೈ ಅಡ್ಡ ಹಿಡಿದು, ಆ ಬಸ್ಸಿನಲ್ಲಿ ಅವರಿಬ್ಬರನ್ನು ಬಿಟ್ಟರೆ ನನಗೊಬ್ಬನಿಗೇ ತಿಳಿಯುವ ಮಾತಿನಲ್ಲಿ ಗದರಿದಳು:

“ಸ್ವಲ್ಪ ತಡೀರಿ. ಮೊದಲು ನಮ್ಮಕ್ಕ ಇಳೀಲಿ.”