ಸತ್ತವಳಿಗೆ ಡಬ್ಬಿಂಗ್

ಮೊದಲು ಆ ಟಿವಿ ಆರಿಸು. ಅಳೋದಿದ್ರೆ ನನ್ನ ಮಾತು ಕೇಳಿಸ್ಕೊಂಡು ಆಮೇಲೆ ಅಳು. "ಪಾಪ, ಅವನ ಮನಸ್ಸು ಒಳ್ಳೇದು" ಅಂತೀಯಲ್ಲ... ವಾರಕ್ಕೊಬ್ಬಳ ಕುತ್ತಿಗೆಗೆ ಹಲ್ಲು ಹಾಕ್ತಾನೆ, ರಕ್ತ ಕುಡೀತಾನೆ, ಆಮೇಲೆ ಕಿಟಕಿ ಹತ್ರ ನಿಂತು "ನಾನು ಪಾಪಿ" ಅಂತ ಕಣ್ಣೀರು ಸುರಿಸ್ತಾನೆ. ಊರೆಲ್ಲ ಅವನ ಜೊತೆ ಮೂಗು ಒರೆಸ್ಕೊಳ್ಳುತ್ತೆ. ಆ ಪಿಶಾಚಿ ಕೈಲಿ ಸತ್ತವಳ ಮುಖ ಒಬ್ಬರಿಗಾದ್ರೂ ನೆನಪಿದೆಯಾ? ಇಲ್ಲ. ಹಳೇ ಕಂತುಗಳನ್ನೇ ಮತ್ತೆ ಮತ್ತೆ ಹಾಕ್ತಾರೆ, ನೀವು ಮತ್ತೆ ಮತ್ತೆ ಅಳ್ತೀರಿ. ನನಗೆ ಮೈ ಉರಿಯೋದು ಅದಕ್ಕೇ.

ನನ್ನ ಚಿಕ್ಕಮ್ಮನ ಮಗಳು ಆ ಸೀರಿಯಲ್ಲಿಗೇ ದನಿ ಕೊಡ್ತಿದ್ದಳು. ಅದರಲ್ಲಿ ಸಾಯೋ ಹೆಂಗಸರೆಲ್ಲರ ಕಿರುಚಾಟ ಅವಳೊಬ್ಬಳದ್ದೇ. ನಾವು ಅವಳನ್ನ ಕಿರುಚಕ್ಕ ಅಂತ ರೇಗಿಸ್ತೀವಿ. ಮನೇಲಿ ಮಾತ್ರ ಜೋರಾಗಿ ಸೀನೋದೂ ಇಲ್ಲ ಮಹಾರಾಯ್ತಿ, ಗಂಟಲು ಕೆಡುತ್ತಂತೆ.

ಒಂದು ರಾತ್ರಿ ಕೆಲಸ ಮುಗಿಯೋಷ್ಟರಲ್ಲಿ ಹತ್ತು ಗಂಟೆ. ಸ್ಟುಡಿಯೋದ ಹಿಂದಿನ ಗೇಟಿಗೆ ಹೋಗೋ ದಾರೀಲಿ ಒಂದು ಹಳೇ ಬಾವಿ ಇದೆ. ನೀರಿಲ್ಲ. ಮೇಲೆ ತಗಡು ಮುಚ್ಚಿದಾರೆ. ಇವಳು ಹತ್ರ ಬಂದಾಗ ತಗಡಿನ ಕೆಳಗೆ... ಪರ್... ಪರ್... ಉಗುರಲ್ಲಿ ಕಲ್ಲು ಕೆರೆದ ಸದ್ದು. ಹೆಗ್ಗಣ ಇರಬೇಕು ಅಂದ್ಕೊಂಡು ನಿಂತಳು. ಸದ್ದೂ ನಿಂತಿತು. ಒಂದು ಹೆಜ್ಜೆ ಇಟ್ಟಳು... ಪರ್. ಹಿಂದೆ ತಿರುಗಿ ನೋಡದೆ ಗೇಟಿನ ತನಕ ಓಡಿದಳು.

ಆ ಬಾವೀಲಿ ಏನಾಗಿತ್ತು ಅಂತ ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಮೊದಲ ಕಂತಿನಲ್ಲಿ ಪಿಶಾಚಿಗೆ ಬಲಿಯಾಗೋ ಪಾತ್ರ ಮಾಡಿದ್ದು ನಮ್ಮ ಕೆಳಗಿನ ಮನೆ ಟೈಲರಮ್ಮನ ಮಗಳು. ಇಪ್ಪತ್ತೆರಡು ವರ್ಷ. ಬಾವಿ ಅಂಚಿಂದ ಅವಳು ಜೋತಾಡಬೇಕು, ಪಿಶಾಚಿ ಪಾತ್ರ ಮಾಡೋ ಹೀರೋ ಅವಳ ಕೈ ಹಿಡ್ಕೊಂಡಿರಬೇಕು. ಸೊಂಟಕ್ಕೆ ಹಗ್ಗ ಕಟ್ಟಿದ್ರು. ಹಗ್ಗ ಕ್ಯಾಮೆರಾಕ್ಕೆ ಕಾಣುತ್ತೆ, ಬಿಚ್ಚಿ ಅಂದ ಡೈರೆಕ್ಟರ್. ನಾನು ಹಿಡ್ಕೋತೀನಿ ಬಿಡಿ ಅಂದ ಹೀರೋ. ಎರಡು ನಿಮಿಷ ಆಗಿರಲಿಲ್ಲ... ಬಿದ್ದಳು. ಆಮೇಲೆ, "ಅವಳೇ ಅವಸರ ಮಾಡಿ ಕೈ ಬಿಟ್ಟಳು" ಅಂತ ಅಲ್ಲಿದ್ದವರೆಲ್ಲ ಪೊಲೀಸರಿಗೆ ಸಹಿ ಹಾಕಿ ಬರೆದುಕೊಟ್ಟರು. ಬೀದಿಯವರೂ ಅದನ್ನೇ ಆಡಿಕೊಂಡ್ರು, ತನ್ನ ತಪ್ಪಿಗೆ ತಾನೇ ಸತ್ತಳು ಅಂತ. ಟೈಲರಮ್ಮಂದು ಒಂದೇ ಮಾತು: "ನನ್ನ ಮಗಳು ಕೈ ಬಿಟ್ಟಿಲ್ಲ. ಅಲ್ಲಿದ್ದವರು ಒಬ್ಬರು ಬಾಯಿಬಿಟ್ಟು ಹೇಳಲಿ, ಸಾಕು." ಎಂಟು ತಿಂಗಳು ಒಂದು ನರಪಿಳ್ಳೆಯೂ ಹೇಳಲಿಲ್ಲ.

ಈಗ ಇವರ ಘನಂದಾರಿ ಕೆಲಸ ಕೇಳು. ಆ ಕೊನೇ ಶಾಟ್ ದಂಡ ಆಗಬಾರದು ಅಂತ ಜೋಪಾನವಾಗಿ ಇಟ್ಕೊಂಡಿದ್ರು. ಬರೀ ಚಿತ್ರ, ದನಿ ಇಲ್ಲ. ಅವತ್ತು ಮೈಕೇ ಹಾಕಿರಲಿಲ್ಲ. ಆ ಮುಖ ತಂದು ಹೊಸ ಕಂತಿಗೆ ಅಂಟಿಸಿದ್ರು. ಪಿಶಾಚಿ ಕ್ಷಮೆ ಕೇಳ್ತಾನೆ, ಸತ್ತವಳು ಬಂದು "ಕ್ಷಮಿಸಿದ್ದೀನಿ" ಅಂತಾಳೆ. ಆ ಮಾತನ್ನ ಕಿರುಚಕ್ಕ ಹೇಳಬೇಕು. ಕೊಂದಿದ್ದೂ ಅಲ್ಲದೆ ಸತ್ತವಳ ಬಾಯಿಗೆ ಮಾತು ತುರುಕೋದು. ನಾಚಿಕೆ ಅನ್ನೋದು ಒಂದು ಚೂರಾದ್ರೂ ಬೇಡವಾ ಮನುಷ್ಯರಿಗೆ?

ಬಾವಿ ಹತ್ರ ಆ ಸದ್ದು ಕೇಳಿದ ಮಾರನೇ ದಿನ ಇವಳೂ ಹೀರೋನೂ ಒಂದೇ ಕೋಣೇಲಿ, ಇಬ್ಬರ ಕಿವಿಗೂ ಹೆಡ್‌ಫೋನ್. ಗಾಜಿನಾಚೆ ಡೈರೆಕ್ಟರ್, ಪಕ್ಕದಲ್ಲಿ ರೆಕಾರ್ಡಿಂಗ್ ಮಾಡೋ ಹಿರಿಯರು. ಅವರನ್ನ ಎಲ್ಲರೂ ಕಿವಿ ಮಾಮ ಅಂತಾರೆ. ಎದುರಿಗೆ ಪರದೆ. ಡಬ್ಬಿಂಗ್‌ನವರು ಕಣ್ಣು ನೋಡಲ್ಲ, ತುಟಿ ನೋಡ್ತಾರೆ. "ಕ್ಷಮಿಸಿದ್ದೀನಿ" ಅನ್ನೋವಾಗ ತುಟಿ ಕೂಡೋದು ಒಂದೇ ಸಲ, 'ಮಿ' ಅನ್ನೋ ಕಡೆ. ಆ ಹುಡುಗಿ ತುಟಿ ಎರಡು ಸಲ ಕೂಡಿತು. ಇವಳು ಇನ್ನೊಮ್ಮೆ ಹಾಕಿಸಿ ನೋಡಿದಳು. ಆಗಲೂ ಎರಡೇ ಸಲ.

"ಸಾರ್... ಇದು ಹೊಂದಲ್ಲ."

"ಯಾಕಮ್ಮ?"

"ಅವಳು ಹೇಳ್ತಿರೋದು... ಕೈ ಬಿಡಬೇಡಿ."

"ಹೆಂಗಾದ್ರೂ ಹೊಂದಿಸಮ್ಮ. ತುಟಿ ಎಣಿಸ್ಕೊಂಡು ಯಾರು ಕೂರ್ತಾರೆ?" ಅಂದ ಡೈರೆಕ್ಟರ್. ಹೀರೋ ತನ್ನ ಕೈಲಿದ್ದ ಕಾಗದ ನೋಡ್ತಾ ಕೂತಿದ್ದ.

ಕೆಂಪು ದೀಪ ಹತ್ತಿತು. ಹೀರೋ ದನಿ ನಡುಗಿಸಿದ. "ನನ್ನನ್ನ... ಕ್ಷಮಿಸ್ತೀಯಾ?" ಈಗ ಇವಳ ಸರದಿ. ಇವಳು ಬಾಯಿ ಬಿಗಿದು ನಿಂತಳು. ಭಯಕ್ಕಲ್ಲ, ಕೋಪಕ್ಕೆ. ಕೆಲಸ ಹೋದ್ರೆ ಹೋಗಲಿ, ನಾನಂತೂ ಹೇಳಲ್ಲ ಅಂತ.

ಆಗ ಹೆಡ್‌ಫೋನಿನಲ್ಲಿ ಯಾರೋ ಉಸಿರು ಎಳ್ಕೊಂಡ್ರು... ಹೆಣ್ಣು ದನಿ. ಇವಳದ್ದಲ್ಲ.

"ಯಾಕೆ ಬಿಟ್ಟೆ?"

ಹೀರೋ ಇವಳ ಕಡೆ ತಿರುಗಲೂ ಇಲ್ಲ. ಪರದೇನೇ ನೋಡ್ತಾ ಇದ್ದ. ನಟನೆ ದನಿ ಅಲ್ಲ, ಮನೇಲಿ ಮಾತಾಡೋ ದನೀಲಿ ಅಂದ:

"ಕೈ ನೋಯ್ತಿತ್ತು... ಬಿಟ್ಟೆ."

ಅಷ್ಟೇ. ಒಂದು ಹನಿ ಕಣ್ಣೀರಿಲ್ಲ. ಕ್ಯಾಮೆರಾ ಇದ್ದಾಗ ಕೊಡಗಟ್ಟಲೆ ಸುರಿಸೋನು. ಡೈರೆಕ್ಟರಿಗೆ ಹೀರೋನ ಮಾತಷ್ಟೇ ಕೇಳಿಸಿದ್ದು. "ಫೀಲ್ ಚೆನ್ನಾಗಿತ್ತು, ಆದ್ರೆ ಡೈಲಾಗ್ ಅದಲ್ಲ, ಇನ್ನೊಂದು ಟೇಕ್ ಹೋಗೋಣ" ಅಂದ. ಹೀರೋ ಹೆಡ್‌ಫೋನ್ ಕೆಳಗಿಟ್ಟು, "ಅದನ್ನ ಅಳಿಸಿ" ಅಂತ ಎದ್ದು ಹೋದ. ಕಿವಿ ಮಾಮ ತಲೆ ಆಡಿಸಿದ್ರು. ಅಳಿಸಲಿಲ್ಲ. ಬಾಗಿಲ ಹತ್ರ ಇವಳ ಕೈಗೆ ಒಂದು ಪೆನ್‌ಡ್ರೈವ್ ಇಟ್ಟು, "ಅವತ್ತು ನಾನೂ ಸಹಿ ಹಾಕಿದ್ದೆ ಕಣಮ್ಮ" ಅಂದ್ರಂತೆ, ಪಿಸುಮಾತಿನಲ್ಲಿ.

ಇಲ್ಲಿಂದ ಮುಂದೆ ನಾನೇ ಕಣ್ಣಾರೆ ಕಂಡಿದ್ದು. ಅವತ್ತು ಸಂಜೆ ಟೈಲರಮ್ಮನ ಮನೇಲಿ ನಾವು ಮೂರೇ ಜನ. ಹೊಲಿಗೆ ಮೆಷಿನ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಹಾಕಿದ್ವಿ. "ಕ್ಷಮಿಸ್ತೀಯಾ?" ಬಂತು. ಆಮೇಲೆ ಖಾಲಿ. ಸೊರ್ ಅನ್ನೋ ಸದ್ದೂ ಇಲ್ಲ. ಆಮೇಲೆ, "ಕೈ ನೋಯ್ತಿತ್ತು... ಬಿಟ್ಟೆ."

ಕಿರುಚಕ್ಕ ಅಲ್ಲಿಗೇ ನಿಲ್ಲಿಸಿದಳು. "ನಡುವೆ ಅವಳು ಮಾತಾಡಿದ್ದಳು ಅಕ್ಕಾ, ನಿನ್ನಾಣೆ," ಅಂತ ನನ್ನ ಕೈ ಹಿಡ್ಕೊಂಡಳು.

ಟೈಲರಮ್ಮ ಅಳಲಿಲ್ಲ. "ಬೆಳಿಗ್ಗೆ ಸ್ಟೇಷನ್ನಿಗೆ ಹೋಗೋಣ" ಅಂದಳು. ಹೋದ್ವಿ ಕೂಡ. ಈಗ ಕೇಸು ನಡೀತಿದೆ, ಕಿವಿ ಮಾಮ ಮೊದಲನೇ ಸಾಕ್ಷಿ. ಅವನ ಕ್ಷಮೆಯ ಕಂತು ಪೆಟ್ಟಿಗೇಲೇ ಕೊಳೀತಿದೆ. ಆದ್ರೆ ಅದಲ್ಲ ನಾನು ಹೇಳೋಕೆ ಹೊರಟಿದ್ದು.

"ಇನ್ನೊಂದ್ಸಲ ಹಾಕು" ಅಂದಳು ಟೈಲರಮ್ಮ. ಹಾಕಿದ್ವಿ. ಆ ಖಾಲಿ ಜಾಗ ಬಂದಾಗ ಬಗ್ಗಿ ಕಿವಿ ಒಡ್ಡಿದಳು. "ಮತ್ತೆ." ಹಾಕಿದ್ವಿ. "ಮತ್ತೆ." ನನಗೆ ಏನೂ ಕೇಳಿಸಲಿಲ್ಲ. ನನ್ನ ಕಿವಿ ನೆಟ್ಟಗಿದೆ, ಸುಳ್ಳು ಹೇಳಿ ನನಗಾಗಬೇಕಾದ್ದೂ ಏನಿಲ್ಲ.

ಟೈಲರಮ್ಮ ತಲೆ ಎತ್ತಿದಳು. ಮೆಲ್ಲಗೆ ಅಂದಳು... "ಅವತ್ತು ಬೆಳಿಗ್ಗೆ ನೆಗಡಿ ಆಗಿತ್ತು. ಹೋಗಬೇಡ ಅಂದಿದ್ದೆ. ಇನ್ನೂ ವಾಸಿಯಾಗಿಲ್ಲ ಅವಳಿಗೆ."

ಕಿರುಚಕ್ಕ ಹೌದು ಅಂತ ತಲೆಯಾಡಿಸಿದಳು. ಆ ದನಿಗೆ ಮೂಗು ಕಟ್ಟಿತ್ತು ಅನ್ನೋದನ್ನ ಅವಳು ಅಲ್ಲೀತನಕ ಯಾರಿಗೂ ಹೇಳಿರಲಿಲ್ಲ, ನನಗೂ.